ವ್ಯಾಪಾರಕ್ಕೆ ಭಾಷೆಯಿಲ್ಲವೆಂಬ ಭ್ರಮೆ

"ವ್ಯಾಪಾರಕ್ಕೆ ಭಾಷೆಯಿಲ್ಲ, ರೊಕ್ಕಕ್ಕೆ ದೇಶವಿಲ್ಲ" ಎಂಬ ಮಾತು ಇತ್ತೀಚೆಗೆ ನಮ್ಮ ಸೀಮೆಯಲ್ಲಿ ವೇದವಾಕ್ಯದಂತೆ ಪ್ರಚಾರಗೊಂಡಿದೆ. ಹಳ್ಳಿಯ ಕಟ್ಟೆಯಲ್ಲಿ ಕುಳಿತವರು ಇದನ್ನು ಆಡುತ್ತಾರೆ. ಪೇಟೆಯ ಅಡತಿ ಅಂಗಡಿಯವರು ಆಡುತ್ತಾರೆ. ನಾಲ್ಕಕ್ಷರ ಕಲಿತವರಂತೂ ದೊಡ್ಡ ತತ್ತ್ವವನ್ನು ಕಂಡುಹಿಡಿದವರ ಠೀವಿಯಿಂದ ಆಡುತ್ತಾರೆ. ಬರಿಯ ಮಾತಾಗಿದ್ದರೆ ಅದಕ್ಕೆ ಉತ್ತರ ಬರೆಯುವ ಶ್ರಮವನ್ನು ಯಾರೂ ವಹಿಸಬೇಕಾಗಿರಲಿಲ್ಲ. ಆದರೆ ಆ ಮಾತಿನ ಬಾಲಕ್ಕೆ ಇನ್ನೊಂದು ಮಾತು ಕಟ್ಟಲ್ಪಟ್ಟಿದೆ: "ಆದಕಾರಣ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿ ಪ್ರಯೋಜನವೇನು? ನಾಲ್ಕು ಇಂಗ್ಲಿಷ್ ಮಾತು ಬಂದರೆ ದ್ರಾಕ್ಷಿಯನ್ನು ವಿಲಾಯತಿಗೆ ಮಾರಬಹುದು." ಹೀಗೆ ಒಂದು ಅರೆಸತ್ಯವು ನಮ್ಮ ಶಾಲೆಗಳ ಹಾಜರಿ ಪುಸ್ತಕದಿಂದ ಮಕ್ಕಳ ಹೆಸರುಗಳನ್ನು ಅಳಿಸುವ ರಬ್ಬರು ಆಗಿ ಪರಿಣಮಿಸಿದೆ. ಆದುದರಿಂದ ಈ ಮಾತನ್ನು ಪರೀಕ್ಷೆಗೆ ಒಡ್ಡದೆ ಗತ್ಯಂತರವಿಲ್ಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರಕ್ಕೆ ಭಾಷೆಯೂ ಉಂಟು, ಸಂಸ್ಕೃತಿಯೂ ಉಂಟು. ದೇಶದಿಂದ ದೇಶಕ್ಕೆ ಹೋಗುವ ಸರಕಿನೊಡನೆ ಕೊಡುವವನ ನಡೆ, ನುಡಿ, ನಂಬಿಕೆ, ಕಾಲಗಣನೆ, ಲೆಕ್ಕ ಬರೆಯುವ ಕ್ರಮ ಇವೆಲ್ಲವೂ ಪ್ರಯಾಣ ಮಾಡುತ್ತವೆ. ಈ ವ್ಯತ್ಯಾಸಗಳನ್ನು ಓದಬಲ್ಲವನು ಗೆಲ್ಲುತ್ತಾನೆ. ಓದಲಾರದವನು ಸರಕು ಒಳ್ಳೆಯದಿದ್ದರೂ ಸೋಲುತ್ತಾನೆ. ಎರಡು ನುಡಿಗಳ ಸಂಧಿಯಲ್ಲಿ ಹುಟ್ಟಿದ ಜತ್ತ ತಾಲೂಕಿನ ಮಗುವಿಗೆ ಈ ಓದು ಅರ್ಧ ತಾನಾಗಿಯೇ ಬಂದಿರುತ್ತದೆ. ಅಂಥ ಮಗುವಿನಿಂದ ಕನ್ನಡವನ್ನು ಕಸಿದುಕೊಳ್ಳುವುದೆಂದರೆ ಗಂಟಿನಲ್ಲಿದ್ದ ಮೂಲ ಬಂಡವಾಳವನ್ನು ಹಳ್ಳಕ್ಕೆ ಚೆಲ್ಲಿ, ಬಡ್ಡಿಯ ಸಾಲಕ್ಕೆ ಕೈಯೊಡ್ಡಿದಂತೆ.

ನಾವು ನಿಂತ ನೆಲವನ್ನು ಮೊದಲು ನೋಡೋಣ. ಡಫಳೆ ಮನೆತನದ ಆಳ್ವಿಕೆಯಲ್ಲಿದ್ದ ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಭಾಷಾವಾರು ಪ್ರಾಂತರಚನೆಯಾದಾಗ ವಿಜಾಪುರ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಜತ್ತವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರಲ್ಲಿ ಅದು ಮಹಾರಾಷ್ಟ್ರಕ್ಕೆ ಸೇರಿತು. ದಕ್ಷಿಣ ಸಾತಾರಾ ಎಂದಿದ್ದ ಜಿಲ್ಲೆಯ ಹೆಸರು ಅದೇ ವರ್ಷ ಸಾಂಗಲಿ ಎಂದಾಯಿತು. ಗೆರೆ ಎಳೆದವರು ಗೆರೆ ಎಳೆದರು. ಉಮದಿ, ಸಂಖ, ಮಾಡಗ್ಯಾಳಗಳ ಒಕ್ಕಲಿಗನು ಮಾತ್ರ ಮನೆಯಲ್ಲಿ ಆಡುತ್ತಿದ್ದ ಕನ್ನಡವನ್ನೇ ಆಡುತ್ತ ಉಳಿದನು. ಗುಡ್ಡಾಪುರದ ದಾನಮ್ಮನ ಸನ್ನಿಧಿಗೆ ಅಥಣಿ, ಇಂಡಿ, ವಿಜಯಪುರಗಳ ಭಕ್ತರು ಇಂದಿಗೂ ಬರುತ್ತಾರೆ. ದೇವಿಗೆ ಗೆರೆ ಗೊತ್ತಿಲ್ಲ, ಕುರಿಗೆ ಗೆರೆ ಗೊತ್ತಿಲ್ಲ, ಮಳೆಗೂ ಗೊತ್ತಿಲ್ಲ. ಗೊತ್ತಿರುವುದು ಕಾಗದಕ್ಕೆ ಮಾತ್ರ.

ಆ ಕಾಗದದ ಕತೆಯನ್ನೇ ಸ್ವಲ್ಪ ವಿಚಾರಿಸಿರಿ. ನಮ್ಮ ತಾಲೂಕಿನ ಒಬ್ಬ ದ್ರಾಕ್ಷಿ ಬೆಳೆಗಾರನು ಹೆಂಡತಿಮಕ್ಕಳೊಡನೆ, ಆಳುಗಳೊಡನೆ ಕನ್ನಡ ಮಾತನಾಡುತ್ತಾನೆ. ಅವನ ಹೊಲದ ಸಾತ್‌ಬಾರಾ ಉತಾರೆ ಮರಾಠಿಯಲ್ಲಿದೆ. ತಲಾಠಿಯ ಕಚೇರಿಯ ವ್ಯವಹಾರ ಮರಾಠಿಯಲ್ಲಿದೆ. ಗಡಿಯ ಆಚೆಗಿನ ಅವನ ಸೋದರಳಿಯನ ಹೊಲಕ್ಕೆ ಇರುವುದು ಪಹಣಿ, ಅದು ಕನ್ನಡದಲ್ಲಿದೆ. ಔಷಧಿಯ ಡಬ್ಬಿಯ ಮೇಲೆ ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾದ ಸೂಚನೆಯನ್ನು ಓದಲು ಇಂಗ್ಲಿಷ್, ಹಿಂದಿ, ಮರಾಠಿ ಬೇಕು. ಹಣ್ಣನ್ನು ಹಾಲೆಂಡಿಗೋ ಇಂಗ್ಲೆಂಡಿಗೋ ಕಳಿಸುವ ಕರಾರು ಇಂಗ್ಲಿಷಿನಲ್ಲಿದೆ. ಒಣದ್ರಾಕ್ಷಿ ಮಾಡಿದರೆ ಅದು ತಾಸಗಾಂವ, ಸಾಂಗಲಿಯ ಪೇಟೆಗಳಲ್ಲಿ ಲಿಲಾವಿಗೆ ನಿಲ್ಲುತ್ತದೆ. ನಾವು ಮಣೂಕ ಎನ್ನುವುದನ್ನು ಅಲ್ಲಿ ಬೇದಾಣಾ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಬೆಳೆಗಾರರೂ ಅದೇ ಪೇಟೆಗಳಿಗೆ ಬರುತ್ತಾರೆ. ಒಂದು ಗೊನೆ ಹಣ್ಣು ನಾಲ್ಕು ಭಾಷೆಗಳ ಕೈದಾಟಿ ಹೋಗುತ್ತಿರುವಾಗ ವ್ಯಾಪಾರಕ್ಕೆ ಭಾಷೆಯಿಲ್ಲವೆಂದು ಯಾವ ಬಾಯಿಯಿಂದ ಹೇಳಬೇಕು?

ಇದು ಇಂದಿನ ಮಾತಾಯಿತು. ಹಿಂದಿನವರಾದರೂ ಭಾಷೆಯಿಲ್ಲದ ವ್ಯಾಪಾರ ಮಾಡಿದ್ದರೇ? ಅಯ್ಯಾವೊಳೆಯ ಐನೂರ್ವರ ಹೆಸರನ್ನು ಕನ್ನಡ ಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಇಂದಿನ ಐಹೊಳೆಯ ಹೆಸರನ್ನು ಹೊತ್ತ ಆ ವರ್ತಕ ಸಂಘವು ಏಲಕ್ಕಿ, ಲವಂಗ, ಗಂಧ, ಕರ್ಪೂರ, ಮುತ್ತುಗಳನ್ನು ಹೊತ್ತು ದೇಶ ದೇಶಗಳನ್ನು ಸುತ್ತಿತು. ಕನ್ನಡ ನಾಡಿನಲ್ಲಿ ಅವರ ಶಾಸನಗಳು ಕನ್ನಡದಲ್ಲಿವೆ. ನಮ್ಮದೇ ಜಿಲ್ಲೆಯ ಮಿರಜಿನಲ್ಲಿ ದೊರೆತ 12ನೆಯ ಶತಮಾನದ ಕನ್ನಡ ಶಾಸನದಲ್ಲಿಯೂ ವೀರಬಣಂಜುಗಳ ಉಲ್ಲೇಖವಿದೆ. ತಮಿಳು ನಾಡಿನಲ್ಲಿ ಅದೇ ಸಂಘದ ಶಾಸನಗಳು ತಮಿಳಿನಲ್ಲಿವೆ. ಸಮುದ್ರದಾಚೆ ಸುಮಾತ್ರಾ ದ್ವೀಪದಲ್ಲಿ, ಬಾರೂಸಿನ ಬಳಿಯ ಲೋಬೂ ತುವಾ ಎಂಬಲ್ಲಿ ಕ್ರಿ.ಶ. 1088ರ ಒಂದು ಶಾಸನ ದೊರೆತಿದೆ. ಅದರಲ್ಲಿ ಐನೂರ್ವರ ಹೆಸರಿದೆ, ಭಾಷೆ ತಮಿಳು. ಹೆಸರು ಕನ್ನಡ ನೆಲದ್ದು, ಬರಹ ತಮಿಳಿನದು, ನೆಲ ಸುಮಾತ್ರಾದ್ದು! ಎಲ್ಲಿ ಹೋದರೆ ಅಲ್ಲಿಯ ಮಾತನ್ನು ಕಲಿಯುವುದು, ತನ್ನ ಹೆಸರನ್ನು ಮಾತ್ರ ಬಿಡದಿರುವುದು: ಇದು ಆ ವರ್ತಕರ ಜಾಣತನದ ಸಾರ.

ಇನ್ನೊಂದು ನಿದರ್ಶನವು ಎದುರು ದಿಕ್ಕಿನಿಂದ ಬರುತ್ತದೆ. ಆದಯ್ಯನು ಸೌರಾಷ್ಟ್ರದ ವರ್ತಕ. ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದವನು ಅಲ್ಲಿಯೇ ನಿಂತು ಶರಣನಾದನು, ಸೌರಾಷ್ಟ್ರ ಸೋಮೇಶ್ವರನೆಂಬ ಅಂಕಿತದಲ್ಲಿ ಕನ್ನಡ ವಚನಗಳನ್ನು ರಚಿಸಿದನು. ರಾಘವಾಂಕನು ಅವನ ಕತೆಯನ್ನು 'ಸೋಮನಾಥ ಚರಿತೆ'ಯಾಗಿ ಬರೆದನು. ಸರಕು ಮಾರಲು ಬಂದ ಗುಜರಾತಿನವನು ಕನ್ನಡದ ವಚನಕಾರನಾದನೆಂದರೆ, ಅವನು ಬರಿಯ ತೂಕದ ಬಟ್ಟನ್ನು ನಂಬಿ ಬಂದವನಲ್ಲ, ಗಿರಾಕಿಯ ನುಡಿಯನ್ನು ತನ್ನದಾಗಿಸಿಕೊಂಡವನು ಎಂದು ತಿಳಿಯಬೇಡವೇ?

ಭಾಷೆಯ ಮಾತು ಹಾಗಿರಲಿ. ಅದಕ್ಕಿಂತ ಆಳದಲ್ಲಿ ಇರುವುದು ನಂಬಿಕೆಯ ರೀತಿ. ಜತ್ತದ ಯಲ್ಲಮ್ಮನ ಜಾತ್ರೆಯ ದನದ ಪೇಟೆಯನ್ನು ನಮ್ಮ ವಿದ್ಯಾರ್ಥಿಗಳೆಲ್ಲ ನೋಡಿರುತ್ತಾರೆ. ಖಿಲಾರಿ ಹೋರಿಗಳ ವ್ಯಾಪಾರದಲ್ಲಿ ಕೈಮೇಲೆ ವಸ್ತ್ರ ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುವ ಪದ್ಧತಿ ನಮ್ಮ ಕಡೆಯ ಜಾತ್ರೆಗಳಲ್ಲಿ ತಲೆಮಾರುಗಳಿಂದ ಬಂದದ್ದು. ಪರದೇಶದವನು ಅದನ್ನು ಕಂಡರೆ ಕಳ್ಳ ವ್ಯವಹಾರವೆಂದು ತಿಳಿದಾನು. ಒಳಗಿನ ಮರ್ಮ ಬೇರೆ. ಬಾಯಿಬಿಟ್ಟು ಬೆಲೆ ಕೇಳಿ ಹೋರಿ ಹೋಗದಿದ್ದರೆ ನಾಲ್ಕು ಜನರೆದುರು ಒಡೆಯನ ಮಾನ ಹೋದಂತೆ. ಕಡಿಮೆಗೆ ಕೊಟ್ಟನೆಂದರೆ ಅವನ ಅಡಚಣೆ ಊರಿಗೆಲ್ಲ ಗೊತ್ತಾದಂತೆ. ವಸ್ತ್ರವು ಮುಚ್ಚುವುದು ಬೆಲೆಯನ್ನಲ್ಲ, ಮಾನವನ್ನು. ಅದೇ ಪದ್ಧತಿ ಧಾನ್ಯದ ಪೇಟೆಗೆ ಬಂದಾಗ ದಲಾಲಿಯು ಅದನ್ನು ರೈತನ ಕಣ್ಣು ಕಟ್ಟಲು ಬಳಸಿದನು. ಆದುದರಿಂದ ನಿಯಂತ್ರಿತ ಮಾರುಕಟ್ಟೆಗಳಲ್ಲಿ ಅದು ನಿಂತು ಬಹಿರಂಗ ಲಿಲಾವು ಬಂದಿತು. ಒಂದೇ ಆಚಾರವು ಸಮಾನರ ನಡುವೆ ಮರ್ಯಾದೆಯಾಗುತ್ತದೆ, ಅಸಮಾನರ ನಡುವೆ ಮೋಸವಾಗುತ್ತದೆ. ಸಂಸ್ಕೃತಿಯನ್ನು ಕುರಿತು ಮಾತನಾಡುವವರು ಈ ಸೂಕ್ಷ್ಮವನ್ನು ಮರೆಯಬಾರದು.

ನಮ್ಮಲ್ಲಿ ನಂಬಿಕೆಯೆಂದರೆ ಮುಖ ನೋಡಿ ಕೊಡುವುದು. ಮೂರು ತಲೆಮಾರಿನ ಪರಿಚಯವಿದ್ದರೆ ಉದ್ರಿ ದೊರೆಯುತ್ತದೆ, ಕಾಗದ ಕೇಳಿದರೆ "ನನ್ನ ಮೇಲೆ ಭರವಸೆಯಿಲ್ಲವೇ?" ಎಂದು ಮುಖ ಸಿಂಡರಿಸುತ್ತಾರೆ. ಯುರೋಪಿನ ಕೊಳ್ಳುವವನಿಗೆ ನಂಬಿಕೆಯೆಂದರೆ ಬರಹ. ಯಾವ ದಿನ ಯಾವ ಔಷಧಿ, ಎಷ್ಟು ಪ್ರಮಾಣ, ಕೊಯ್ಲಿಗೆ ಎಷ್ಟು ದಿನ ಮೊದಲು ಹೊಡೆಯಲಾಯಿತು, ಇದನ್ನೆಲ್ಲ ಬರೆದಿಟ್ಟರೆ ಅವನು ನಂಬುತ್ತಾನೆ. ಬರೆಯದಿದ್ದರೆ ನಿಮ್ಮ ಮೂರು ತಲೆಮಾರಿನ ಸತ್ಯಸಂಧತೆಗೂ ಅವನ ಪೇಟೆಯಲ್ಲಿ ಬೆಲೆಯಿಲ್ಲ. ಇದರಲ್ಲಿ ಒಬ್ಬ ಒಳ್ಳೆಯವ, ಇನ್ನೊಬ್ಬ ಕೆಟ್ಟವ ಎಂಬ ಪ್ರಶ್ನೆಯೇ ಇಲ್ಲ. ನಮ್ಮ ಕೊಳ್ಳುವವನು ಕಣ್ಣೆದುರು ಇದ್ದನು, ಆದುದರಿಂದ ಮುಖ ಸಾಕಾಯಿತು. ಅವನ ಮಾರುವವನು ಏಳು ಸಮುದ್ರದಾಚೆ ಇದ್ದಾನೆ, ಆದುದರಿಂದ ಅವನಿಗೆ ಕಾಗದ ಬೇಕಾಯಿತು.

ಈ ಭೇದವನ್ನು ಅರಿಯದಿದ್ದರೆ ಏನಾಗುತ್ತದೆಂಬುದನ್ನು 2010ನೆಯ ಇಸವಿ ತೋರಿಸಿತು. ಬಳ್ಳಿಯ ಬೆಳವಣಿಗೆಯನ್ನು ತಡೆದು ಫಲ ಹೆಚ್ಚಿಸಲು ದ್ರಾಕ್ಷಿ ತೋಟಗಳಲ್ಲಿ ಕ್ಲೋರ್‌ಮೆಕ್ವಾಟ್ ಎಂಬ ರಾಸಾಯನಿಕವನ್ನು ಬಳಸುತ್ತಿದ್ದರು. ಆ ವರ್ಷ ಭಾರತದಿಂದ ಹೋದ ದ್ರಾಕ್ಷಿಯಲ್ಲಿ ಅದರ ಅಂಶ ತಮ್ಮ ಮಿತಿಗಿಂತ ಹೆಚ್ಚಾಗಿದೆಯೆಂದು ಯುರೋಪಿನವರು ಕಂಟೇನರುಗಳನ್ನು ತಡೆದರು. ಇಲ್ಲಿ ಪರೀಕ್ಷೆಗೆ ಒಳಪಡುವ ರಾಸಾಯನಿಕಗಳ ಯಾದಿಯಲ್ಲಿ ಅದರ ಹೆಸರೇ ಇರಲಿಲ್ಲ. ಅಲ್ಲಿಯ ನಿಯಮದಲ್ಲಿ ಇತ್ತು. ನಮ್ಮವರು ನಮ್ಮ ಯಾದಿಯನ್ನು ಓದಿದರು, ಅವರು ಅವರ ಯಾದಿಯನ್ನು ಓದಿದರು. ಹಣ್ಣು ಬಂದರಿನಲ್ಲಿ ನಿಂತಿತು. ಮಹಾರಾಷ್ಟ್ರದ ರಫ್ತುದಾರರೂ ಬೆಳೆಗಾರರೂ ನಷ್ಟ ಅನುಭವಿಸಿದರು. ಆ ವೇಳೆಗೆ ತೋಟದ ನೋಂದಣಿಯಿಂದ ಹಡಗಿನವರೆಗೆ ಹಣ್ಣಿನ ಜಾಡು ಹಿಡಿಯುವ ಗ್ರೇಪ್‌ನೆಟ್ ವ್ಯವಸ್ಥೆಯೂ ಜಾರಿಯಲ್ಲಿತ್ತು. ಯಂತ್ರವಿತ್ತು, ಜಾಲವಿತ್ತು, ಎದುರಿನವನ ಪುಸ್ತಕವನ್ನು ಪೂರ್ತಿ ಓದುವ ಕಣ್ಣು ಮಾತ್ರ ಇರಲಿಲ್ಲ.

ಇಲ್ಲಿ ಕೆಲವರು ಕೇಳಬಹುದು: "ಯಾವಾಗಲೂ ಬಡವನೇ ಶ್ರೀಮಂತನ ರೀತಿಯನ್ನು ಕಲಿಯಬೇಕೇ?" ಪ್ರಶ್ನೆ ನ್ಯಾಯವಾದದ್ದು. ಉತ್ತರವೂ ನ್ಯಾಯವಾಗಿಯೇ ಇದೆ: ಮಾರಬಯಸುವವನು ಕಲಿಯಬೇಕು, ಅವನು ಯಾರೇ ಆಗಿರಲಿ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿ ಮಾರಲು ಹೊರಟಾಗ, ಕಬ್ಬಿಣದಿಂದ ಭೂಮಿಗೆ ವಿಷವೇರುತ್ತದೆಂದು ರೈತರು ಅದನ್ನು ಮುಟ್ಟಲಿಲ್ಲ. ನೇಗಿಲು ವಿಲಾಯತಿ ಮಾದರಿಯದು, ನೆಲ ನಮ್ಮದು, ನಂಬಿಕೆ ನಮ್ಮದು. ಅವರು ರೈತನನ್ನು ಮೂಢನೆಂದು ಜರೆದು ಅಂಗಡಿ ಮುಚ್ಚಲಿಲ್ಲ. ತಾಳಿಕೊಂಡರು, ಆ ನಂಬಿಕೆಯನ್ನು ಗೆದ್ದರು. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಅವರು ನಿಲ್ಲಿಸಿದ ಕಿರ್ಲೋಸ್ಕರವಾಡಿ ಇಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಮಾರುವವನ ತಾಳ್ಮೆಯ ಸ್ಮಾರಕವಾಗಿ ಅದನ್ನು ಮಕ್ಕಳಿಗೆ ತೋರಿಸಬಹುದು.

ಈಗ ಶ್ರೀಮಂತರು ಕಲಿಯದೆ ಕೆಟ್ಟ ಕತೆಗಳನ್ನೂ ಕೇಳಿರಿ. ಅಮೆರಿಕದ ಕೆಲಾಗ್ ಕಂಪನಿ 1994ರಲ್ಲಿ ಮೆಕ್ಕೆಜೋಳದ ಅವಲಕ್ಕಿಯಂಥ ತನ್ನ ತಿಂಡಿಯನ್ನು ಹೊತ್ತು ಭಾರತಕ್ಕೆ ಬಂದಿತು. ಅದನ್ನು ತಣ್ಣನೆಯ ಹಾಲಿನಲ್ಲಿ ತಿನ್ನಬೇಕೆಂಬುದು ಅವರ ರೂಢಿ. ನಮ್ಮ ಮನೆಗಳಲ್ಲಿ ಮುಂಜಾನೆ ಹಾಲು ಕಾಯಿಸಿ ಕುಡಿಯುವುದು ರೂಢಿ. ಬಿಸಿಹಾಲು ಬಿದ್ದೊಡನೆ ಗರಿಗರಿಯಾದ ತಿಂಡಿ ಮೆತ್ತಗಾಗಿ ಮುದ್ದೆಯಾಯಿತು. ವ್ಯಾಪಾರವೂ ಮೊದಲ ವರ್ಷಗಳಲ್ಲಿ ಮೆತ್ತಗಾಯಿತು. ಜಗತ್ತಿನ ಅತಿ ದೊಡ್ಡ ಅಂಗಡಿಕಾರನಾದ ವಾಲ್‌ಮಾರ್ಟ್ ಕಂಪನಿ 1997ರಲ್ಲಿ ಜರ್ಮನಿಯನ್ನು ಹೊಕ್ಕಿತು. ಬಂದ ಗಿರಾಕಿಗಳಿಗೆಲ್ಲ ನಗುಮುಖ ತೋರಬೇಕು, ಮುಂಜಾನೆ ನೌಕರರೆಲ್ಲ ಕೂಡಿ ಕಂಪನಿಯ ಘೋಷಣೆ ಕೂಗಬೇಕು ಎಂಬ ತನ್ನ ಊರಿನ ಶಾಸ್ತ್ರವನ್ನು ಅಲ್ಲಿಯೂ ಹೂಡಿತು. ಗುರುತಿಲ್ಲದವರು ಕಾರಣವಿಲ್ಲದೆ ನಗುವುದು ಜರ್ಮನರಿಗೆ ವಿಚಿತ್ರವಾಗಿ ತೋರಿತು. ಅಲ್ಲಿಯ ಬೆಲೆಯ ಪೈಪೋಟಿ, ಕಾಯಿದೆ, ಕಾರ್ಮಿಕ ಸಂಘಗಳ ರೀತಿ ಇವೂ ಅದಕ್ಕೆ ಒಗ್ಗಲಿಲ್ಲ. 2006ರಲ್ಲಿ ತನ್ನ ಅಂಗಡಿಗಳನ್ನು ಮಾರಿ ಹೊರಟುಹೋಯಿತು. ರೊಕ್ಕಕ್ಕೆ ದೇಶವಿಲ್ಲವೆಂಬುದು ನಿಜವಾಗಿದ್ದರೆ ಅಷ್ಟು ರೊಕ್ಕವುಳ್ಳವನು ಸೋತದ್ದು ಏಕೆ?

ಹೀಗೆಂದ ಮಾತ್ರಕ್ಕೆ ಪೇಟೆಯಲ್ಲಿ ಮಾರಾಟಕ್ಕಿರುವ 'ಶಿಷ್ಟಾಚಾರ'ದ ಪುಸ್ತಕಗಳನ್ನು ನಾನು ಹೊಗಳುತ್ತಿದ್ದೇನೆಂದು ವಾಚಕರು ತಿಳಿಯಬಾರದು. ಜಪಾನಿಯನು ಹೀಗೆ ಬಾಗುತ್ತಾನೆ, ಅರಬನಿಗೆ ಎಡಗೈಯಿಂದ ಕೊಡಬಾರದು, ಜರ್ಮನನು ಗಡಿಯಾರದ ಮುಳ್ಳಿನಂತೆ ಇರುತ್ತಾನೆ: ಹೀಗೆ ಒಂದೊಂದು ದೇಶಕ್ಕೆ ಒಂದೊಂದು ಗೊಂಬೆ ಮಾಡಿ ಕೂರಿಸುವುದು ಆ ಪುಸ್ತಕಗಳ ಕೆಲಸ. ಯಾರಾದರೂ ನಮ್ಮನ್ನು ಕುರಿತು "ಕನ್ನಡಿಗನು ಹೀಗೆ, ಮರಾಠಿಗನು ಹಾಗೆ" ಎಂದು ಎರಡು ಸಾಲು ಬರೆದರೆ ನಾವು ಒಪ್ಪುತ್ತೇವೆಯೇ? ಸಂಖದ ಕುರಿಗಾರನೂ ಬೆಂಗಳೂರಿನ ಇಂಜಿನಿಯರನೂ ಕನ್ನಡಿಗರೇ, ಆದರೆ ವ್ಯವಹಾರದಲ್ಲಿ ಅವರು ಎರಡು ಲೋಕದವರು. ಸಂಖದ ಕುರಿಗಾರನೂ ಆಟಪಾಡಿಯ ಮರಾಠಿ ಕುರಿಗಾರನೂ ಎರಡು ಭಾಷೆಯವರು, ಆದರೆ ಒಂದೇ ಲೋಕದವರು. ನಾವು "ನೋಡೋಣ ತಗೊಳ್ರಿ" ಎಂದರೆ ಅದು ಮರ್ಯಾದೆಯ ನಿರಾಕರಣೆಯೆಂದು ಅವನು ತಕ್ಷಣ ಅರಿಯುತ್ತಾನೆ. ಏಕೆಂದರೆ ಅವನೂ ಹಾಗೆಯೇ ಹೇಳುತ್ತಾನೆ. ಅದೇ ಮಾತನ್ನು ಅಕ್ಷರಶಃ ಇಂಗ್ಲಿಷಿಗೆ ತಿರುಗಿಸಿ ಪರದೇಶದ ವ್ಯಾಪಾರಿಗೆ ಕಳಿಸಿದರೆ ಅವನು ಎಂಟು ದಿನ ಆಸೆಯಿಂದ ಕಾಯುತ್ತಾನೆ, ಒಂಬತ್ತನೆಯ ದಿನ ನಮ್ಮನ್ನು ಸುಳ್ಳರೆನ್ನುತ್ತಾನೆ. ಸೋಮವಾರ ಎತ್ತು ಹೂಡುವುದಿಲ್ಲ, ಅಮಾವಾಸ್ಯೆಗೆ ಕೆಲಸಕ್ಕೆ ಬರುವುದಿಲ್ಲ ಎಂಬ ರೂಢಿ ನಮ್ಮ ಹಲವು ಹಳ್ಳಿಗಳಲ್ಲಿದೆ. ಹಡಗಿಗೆ ಅಮಾವಾಸ್ಯೆ ಗೊತ್ತಿಲ್ಲ. ರೂಢಿಯನ್ನು ಬಿಡಬೇಕೆಂದಲ್ಲ, ಕರಾರಿನ ದಿನವೇ ಅದನ್ನು ಎಣಿಸಿ ಹೇಳಬೇಕು. ಬೇಕಾದದ್ದು ಗೊಂಬೆಗಳ ಪುಸ್ತಕವಲ್ಲ. ನಮ್ಮ ಮಾತು ಎದುರಿನವನ ಕಿವಿಯಲ್ಲಿ ಏನಾಗಿ ಕೇಳಿಸುತ್ತದೆಂದು ಊಹಿಸುವ ಶಕ್ತಿ.

ಇನ್ನೊಂದು ಅಪಾಯವನ್ನು ಇಲ್ಲಿಯೇ ಸೂಚಿಸಬೇಕು. 'ಸಂಸ್ಕೃತಿಯ ವ್ಯತ್ಯಾಸ'ವೆಂಬ ಸುಂದರವಾದ ಶಬ್ದವು ಅನ್ಯಾಯಕ್ಕೆ ಮುಸುಕೂ ಆಗಬಲ್ಲದು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿಯು ಐಫೋನ್ ಜೋಡಿಸುವ ಕಾರಖಾನೆಯನ್ನು ನಡೆಸುತ್ತಿತ್ತು. 2020ರ ಡಿಸೆಂಬರ್ 12ರಂದು ಅಲ್ಲಿಯ ಕಾರ್ಮಿಕರ ಅಸಮಾಧಾನ ಸಿಡಿದು ಕಾರಖಾನೆಯಲ್ಲಿ ಭಾರಿ ಹಾನಿಯಾಯಿತು. ಒಡೆದುಹಾಕುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಘಟನೆಯಾದೊಡನೆ "ಪರದೇಶದ ಶಿಸ್ತು ನಮ್ಮವರಿಗೆ ಒಗ್ಗುವುದಿಲ್ಲ" ಎಂದು ತಲೆಯಾಡಿಸುವವರು ಎಲ್ಲ ಕಡೆಯೂ ಇರುತ್ತಾರೆ. ಕೆಲವೇ ದಿನಗಳಲ್ಲಿ ಕಂಪನಿಯೇ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಮುಟ್ಟಿರಲಿಲ್ಲವೆಂದು ಒಪ್ಪಿಕೊಂಡಿತು. ಭಾರತದ ವ್ಯವಹಾರ ನೋಡುತ್ತಿದ್ದ ತನ್ನ ಅಧಿಕಾರಿಯನ್ನು ತೆಗೆಯಿತು. ಆಪಲ್ ಕಂಪನಿಯು ಅದಕ್ಕೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಕಾರಖಾನೆ ಟಾಟಾ ಸಂಸ್ಥೆಯ ಕೈಸೇರಿತು. ದುಡಿದವನಿಗೆ ಕೂಲಿ ಕೊಡುವುದು ತೈವಾನಿನ ಸಂಸ್ಕೃತಿಯೂ ಅಲ್ಲ, ಕೋಲಾರದ ಸಂಸ್ಕೃತಿಯೂ ಅಲ್ಲ. ಅದು ಎಲ್ಲ ದೇಶದ ಧರ್ಮ. ಎಲ್ಲಿ ರೂಢಿ ಬೇರೆಯೋ ಅಲ್ಲಿ ತಿಳಿವಳಿಕೆ ಬೇಕು. ಎಲ್ಲಿ ಲೆಕ್ಕವೇ ತಪ್ಪೋ ಅಲ್ಲಿ ಲೆಕ್ಕ ಕೇಳುವ ಧೈರ್ಯ ಬೇಕು. ಇವೆರಡನ್ನೂ ಬೇರ್ಪಡಿಸಿ ನೋಡಬಲ್ಲವನನ್ನು ವಿದ್ಯಾವಂತನೆನ್ನಬೇಕು.

ಈಗ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. "ಇದೆಲ್ಲವೂ ನಿಜವಾದರೆ ಇಂಗ್ಲಿಷ್ ಕಲಿಸಿದರೆ ಮುಗಿಯಿತಲ್ಲ? ಕನ್ನಡದ ಗೊಡವೆ ಏಕೆ?" ಎನ್ನುತ್ತಾರೆ. ಇಂಗ್ಲಿಷ್ ಬೇಡವೆಂದು ಹೇಳುವ ಮೂರ್ಖತನವನ್ನು ನಾನು ಮಾಡಲಾರೆ. ಕರಾರು ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷ್ ಬೇಕು. ಆದರೆ ಕರಾರನ್ನು ಓದುವುದೆಂದರೆ ಅಕ್ಷರ ಕೂಡಿಸಿ ಉಚ್ಚರಿಸುವುದಲ್ಲ. "ಇಂತಿಷ್ಟು ದಿನದೊಳಗೆ", "ಹೊರತು", "ಆದಾಗ್ಯೂ", "ಹಾನಿಯಾದಲ್ಲಿ ಹೊಣೆ ಯಾರದು" ಈ ಸಂಬಂಧಗಳನ್ನು ಗ್ರಹಿಸುವುದು ಓದು. ಅವುಗಳನ್ನು ಮಗುವು ಮೊದಲು ಗ್ರಹಿಸುವುದು ತಾಯಿ ಮಾತಾಡುವ ನುಡಿಯಲ್ಲಿ. ಕನ್ನಡದ ಒಂದು ಉದ್ದ ವಾಕ್ಯದಲ್ಲಿ ಯಾರು ಯಾರಿಗೆ ಏನು ಕೊಡಬೇಕೆಂದು ಹೇಳಲಾರದ ಹುಡುಗನು ಇಂಗ್ಲಿಷಿನ ಉದ್ದ ವಾಕ್ಯದಲ್ಲಿ ಅದನ್ನು ಹೇಗೆ ಹೇಳಿಯಾನು? ಅರ್ಥವಿಲ್ಲದ ಇಂಗ್ಲಿಷನ್ನು ಬಾಯಿಪಾಠ ಮಾಡಿದವನು ಕರಾರಿಗೆ ಸಹಿ ಹಾಕಲು ಕಲಿಯುತ್ತಾನೆಯೇ ಹೊರತು ಕರಾರು ಮಾಡಲು ಕಲಿಯುವುದಿಲ್ಲ. ಆಗ "ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ" ಎಂಬ ಗಾದೆ ಸಮುದ್ರ ದಾಟಿ ನಿಜವಾಗುತ್ತದೆ.

ಮರಾಠಿಯ ವಿಷಯದಲ್ಲಿಯೂ ನನ್ನ ಮಾತು ಸ್ಪಷ್ಟವಾಗಿರಲಿ. ಮರಾಠಿ ನಮಗೆ ವೈರಿಯಲ್ಲ; ನೆರೆಮನೆಯ ಭಾಷೆ, ಕಚೇರಿಯ ಭಾಷೆ, ಪೇಟೆಯ ಭಾಷೆ. 2020ರ ಕಾಯಿದೆಯ ಮೂಲಕ ಮಹಾರಾಷ್ಟ್ರವು ರಾಜ್ಯದ ಎಲ್ಲ ಶಾಲೆಗಳಲ್ಲಿಯೂ ಮರಾಠಿ ಕಲಿಕೆಯನ್ನು ಕಡ್ಡಾಯ ಮಾಡಿದೆ. ಕಲಿಯೋಣ, ಚೆನ್ನಾಗಿಯೇ ಕಲಿಯೋಣ. ನಮ್ಮ ಮಕ್ಕಳು ಸಾತ್‌ಬಾರಾ ಉತಾರೆಯನ್ನು ತಾವೇ ಓದಬೇಕು, ಲಿಲಾವಿನ ಕಟ್ಟೆಯಲ್ಲಿ ಯಾರ ಬಾಯಿಯನ್ನೂ ನೋಡದೆ ಮಾತನಾಡಬೇಕು. ಆದರೆ ಒಂದು ಭಾಷೆಯನ್ನು ಕೂಡಿಸುವುದು ಬೇರೆ, ಒಂದು ಭಾಷೆಯನ್ನು ಕಳೆಯುವುದು ಬೇರೆ. 2024ರಲ್ಲಿ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಮರಾಠಿ ಶಿಕ್ಷಕರನ್ನು ನೇಮಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಆ ಶಿಕ್ಷಕರ ಮೇಲೆ ನನಗೆ ಕೋಪವಿಲ್ಲ. ಅವರೂ ಆಜ್ಞೆಗೆ ಒಳಪಟ್ಟವರು. ಆದರೆ ಮಗುವಿನ ಮಾತು ತಿಳಿಯದ ಗುರು, ಗುರುವಿನ ಮಾತು ತಿಳಿಯದ ಮಗು ಎದುರುಬದುರು ಕುಳಿತರೆ ಅಲ್ಲಿ ನಡೆಯುವುದು ಪಾಠವಲ್ಲ, ವಸ್ತ್ರದೊಳಗಿನ ಬೆರಳಾಟ. ಬೆರಳಿನ ಅರ್ಥವೂ ಇಬ್ಬರಿಗೆ ಗೊತ್ತಿಲ್ಲ ಎಂಬುದಷ್ಟೇ ಭೇದ. ಪರದೇಶದವನೊಡನೆ ವ್ಯವಹರಿಸಲು ದುಭಾಷಿ ಬೇಕೆಂದು ಒಪ್ಪುವ ಸರಕಾರವು, ಆರು ವರ್ಷದ ಕೂಸಿಗೆ ದುಭಾಷಿ ಬೇಡವೆಂದು ಯಾವ ನ್ಯಾಯದಿಂದ ತೀರ್ಮಾನಿಸುತ್ತದೆ?

ಹೊರಗಿನವರನ್ನು ಕೇಳಿದ್ದಾಯಿತು, ಒಳಗಿನವರನ್ನೂ ಕೇಳಬೇಕು. ಗುರುಬಂಧುಗಳೇ, ನಮ್ಮಲ್ಲಿ ಒಂದು ವರ್ಗಕ್ಕೆ ವ್ಯಾಪಾರವೆಂದರೆ ಮೂಗು ಮುರಿಯುವ ಚಟ. ಕನ್ನಡ ಶಾಲೆಯೆಂದರೆ ಪದ್ಯ, ಪ್ರಾರ್ಥನೆ, ರಾಜ್ಯೋತ್ಸವದ ಭಾಷಣ. ಪಾವತಿ, ಪಟ್ಟಿ, ಹುಂಡಿ, ಬಡ್ಡಿಗಳು ಕೀಳು ವಿಷಯಗಳು! ಕಾಯಕವನ್ನು ಕೈಲಾಸವೆಂದ ಶರಣರ ನಾಡಿನಲ್ಲಿ ಈ ತಿರಸ್ಕಾರ ಎಲ್ಲಿಂದ ಬಂದಿತೋ ತಿಳಿಯದು. ಇನ್ನೊಂದು ವರ್ಗವು ವೇದಿಕೆಯ ಮೇಲೆ ಕನ್ನಡಕ್ಕಾಗಿ ಗಂಟಲು ಹರಿದುಕೊಂಡು, ತನ್ನ ಮಕ್ಕಳನ್ನು ಸಾಂಗಲಿಯ ಇಂಗ್ಲಿಷ್ ಶಾಲೆಯಲ್ಲಿ ಬಿಟ್ಟು ಬರುತ್ತದೆ. ಮೊದಲನೆಯವರು ಕನ್ನಡವನ್ನು ದೇವರ ಕೋಣೆಯಲ್ಲಿ ಕೂಡಿ ಹಾಕಿದರು. ಎರಡನೆಯವರು ಅದನ್ನು ಜಾತ್ರೆಯ ಪತಾಕೆ ಮಾಡಿದರು. ದೇವರ ಕೋಣೆಯ ವಸ್ತುವನ್ನೂ ಪತಾಕೆಯನ್ನೂ ಯಾವ ರೈತನೂ ಹೊಲಕ್ಕೆ ಒಯ್ಯುವುದಿಲ್ಲ. ಕನ್ನಡವು ಅವನ ಜೇಬಿನ ಟಿಪ್ಪಣಿ ಪುಸ್ತಕದಲ್ಲಿ ಇರದಿದ್ದರೆ, ಅವನು ಮಗನನ್ನು ನಮ್ಮ ಶಾಲೆಯಿಂದ ಬಿಡಿಸಿದಾಗ ಅವನನ್ನು ದೂರುವ ಅಧಿಕಾರ ನಮಗಿಲ್ಲ.

ಆದುದರಿಂದ ಮಾಡಬೇಕಾದದ್ದೇನು? ದೊಡ್ಡ ಯೋಜನೆಗಳ ಮಾತು ಬೇಡ. ಅನುದಾನಕ್ಕೆ ಅರ್ಜಿ ಹಾಕಿ ಕಾಯುವುದೂ ಬೇಡ. ನಮ್ಮ ಕೈಯಲ್ಲಿರುವ ಮೂರು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಐದನೆಯ ಇಯತ್ತೆಯಿಂದ ಮೇಲಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹೊಲದ ಒಂದು ದಿನಚರಿಯನ್ನು ಕನ್ನಡದಲ್ಲಿ ಬರೆಯಲಿ. ಯಾವ ದಿನ ಬಿತ್ತನೆ, ಯಾವ ದಿನ ಔಷಧಿ, ಎಷ್ಟು ಪ್ರಮಾಣ, ಯಾರಿಗೆ ಎಷ್ಟು ಕೂಲಿ, ಯಾವ ಪೇಟೆಯಲ್ಲಿ ಯಾವ ದರ. ಇದರಿಂದ ಬರವಣಿಗೆಯೂ ಆಗುತ್ತದೆ, ಲೆಕ್ಕವೂ ಆಗುತ್ತದೆ. ಯುರೋಪಿನವನು ಕೇಳುವ ದಾಖಲೆಯ ಅಭ್ಯಾಸವೂ ಮನೆಗೆ ಬರುತ್ತದೆ. ತಂದೆಗೆ ಓದು ಬಾರದಿದ್ದರೂ ಮಗಳ ವಹಿಯು ಅವನ ಸಾಕ್ಷಿಯಾಗಿ ನಿಲ್ಲುತ್ತದೆ.

ಎರಡನೆಯದು, ಡಬ್ಬಿಯ ಮೇಲಿನ ಸೂಚನೆ, ಲಿಲಾವಿನ ಪಟ್ಟಿ, ಬ್ಯಾಂಕಿನ ಅರ್ಜಿ, ಸಾತ್‌ಬಾರಾ ಉತಾರೆ ಇವುಗಳನ್ನು ತರಗತಿಗೆ ತಂದು ಪಾಠ ಮಾಡಬೇಕು. ಮರಾಠಿಯ ಅಥವಾ ಇಂಗ್ಲಿಷಿನ ಒಂದೊಂದು ವಾಕ್ಯವನ್ನು ಮಕ್ಕಳು ತಮ್ಮ ಮನೆಗನ್ನಡದಲ್ಲಿ ಹೇಳಲಿ. "ಇದನ್ನು ನಿಮ್ಮ ಅಜ್ಜಿಗೆ ತಿಳಿಯುವಂತೆ ಹೇಳು" ಎಂಬುದೇ ಪರೀಕ್ಷೆಯಾಗಲಿ. ಅಜ್ಜಿಗೆ ತಿಳಿಸಲಾರದವನಿಗೆ ತಾನೂ ತಿಳಿದಿಲ್ಲವೆಂದೇ ಅರ್ಥ.

ಮೂರನೆಯದು, ನಮ್ಮ ಸಂಘವು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಪೇಟೆಯ ಶಬ್ದಗಳ ಒಂದು ಚಿಕ್ಕ ಕೋಶವನ್ನು ಸಿದ್ಧಪಡಿಸಲಿ. ಪಂಡಿತರು ಟಂಕಿಸಿದ ಶಬ್ದಗಳು ಬೇಡ; ಹಮಾಲನು, ಅಡತಿಯವನು, ದ್ರಾಕ್ಷಿ ಕತ್ತರಿಸುವ ಹೆಣ್ಣುಮಕ್ಕಳು ಆಡುವ ಶಬ್ದಗಳು ಬೇಕು. ಶಬ್ದ ಕೂಡಿಸುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಲಿ. ಈ ಪತ್ರಿಕೆಯನ್ನು ಅಚ್ಚೊತ್ತುವ ಕಲ್ಲಚ್ಚಿನ ಕಾಗದದ ಮೇಲೆಯೇ ಅದನ್ನೂ ತೆಗೆಯಬಹುದು. ಖರ್ಚು ಎರಡು ರೀಮು ಕಾಗದ, ಒಂದು ಡಬ್ಬಿ ಶಾಯಿ.

"ಬಾಯಿದ್ದವನು ಬರಗಾಲದಲ್ಲಿಯೂ ಬದುಕಿಯಾನು" ಎಂಬುದು ನಮ್ಮ ಹಿರಿಯರ ಮಾತು. ಬರಗಾಲವನ್ನು ಜತ್ತ ತಾಲೂಕಿನವರಿಗೆ ಯಾರೂ ಪರಿಚಯಿಸಿಕೊಡಬೇಕಾಗಿಲ್ಲ. ನೀರಿಗಾಗಿ ಎರಡು ರಾಜ್ಯಗಳ ಮುಖ ನೋಡುತ್ತ ನಾವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದೇವೆ. ನೀರು ಬರುವುದು ಬಿಡುವುದು ಮಂತ್ರಿಗಳ ಕೈಯಲ್ಲಿದೆ. ಬಾಯಿ ಬರುವುದು ಶಾಲೆಯ ಕೈಯಲ್ಲಿದೆ. ಎರಡು ನುಡಿಗಳ ಬಾಯಿಯನ್ನು ಹುಟ್ಟಿನಿಂದಲೇ ಪಡೆದ ಮಕ್ಕಳಿಗೆ ಮೂರನೆಯದನ್ನು ಕೊಡುವ ನೆಪದಲ್ಲಿ ಮೊದಲನೆಯದನ್ನು ಹೊಲಿದುಬಿಡುವ ಕೆಲಸಕ್ಕೆ ನಾವು ಸೂಜಿದಾರ ಒದಗಿಸಬಾರದು. ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ, ಪಾಲಕರು ಬಂದು "ಗುರುಗಳೇ, ಕನ್ನಡದಿಂದ ವ್ಯಾಪಾರಕ್ಕೇನು ಉಪಯೋಗ?" ಎಂದು ಕೇಳಿದರೆ, ಭಾಷಣ ಮಾಡುವುದು ಬೇಡ. ಅವರ ಮಗಳು ಬರೆದ ಹೊಲದ ವಹಿಯನ್ನು ತೆಗೆದು ಅವರ ಕೈಗೆ ಕೊಡೋಣ.